ನಂಬಿಕೆಯೂ ರಕ್ಷಣೆಯೂ

ಯಾವ ಮತವನ್ನಾದರೂ ಹೊರಗೆ ನಿಂತು ಒಂದೇ ಮಾತಿನಲ್ಲಿ ಅಳೆದುಬಿಡುವುದು ಸುಲಭ. ಆ ಸುಲಭದ ಕೆಲಸವನ್ನು ನಾನೂ ಒಮ್ಮೆ ಮಾಡಿದೆ. ಕಳೆದ ವರ್ಷ ಒಂದು ರಾತ್ರಿ ವಿದ್ಯಾರ್ಥಿನಿಲಯದಲ್ಲಿ ಊಟವಾದ ಮೇಲೆ ಮಾತು ಧರ್ಮದ ಕಡೆಗೆ ತಿರುಗಿತು. “ಕ್ರೈಸ್ತರದು ಅಗ್ಗದ ದಾರಿ, ನಂಬಿದೆನೆಂದರೆ ಸಾಕು, ಆಮೇಲೆ ಏನು ಮಾಡಿದರೂ ಸ್ವರ್ಗ” ಎಂದೆ. ಎಲ್ಲರೂ ನಕ್ಕರು. ನನ್ನ ಕೋಣೆಯ ಗೆಳೆಯ ಮಾತ್ರ ನಗಲಿಲ್ಲ. ಅವನು ಕ್ರೈಸ್ತ. ದೀಪ ಆರಿಸಿದ ಮೇಲೆ ಕತ್ತಲಲ್ಲಿ ಅವನು ಮೆಲ್ಲಗೆ ಹೇಳಿದ: “ನಮ್ಮಪ್ಪ ಅದಿರಿನ ಲಾರಿ ಓಡಿಸ್ತಿದ್ದ. ಇಪ್ಪತ್ತು ವರ್ಷ ಕುಡಿದ. ಹಾಸಿಗೆ ಹಿಡಿದ ಮೇಲೆ ಕಡೇ ಎರಡು ತಿಂಗಳು ದೇವರನ್ನ ನಂಬಿದ. ಎದ್ದು ಒಂದು ಒಳ್ಳೇ ಕೆಲಸ ಮಾಡೋ ಶಕ್ತಿ ಇರಲಿಲ್ಲ, ಹೋಗಿಬಿಟ್ಟ. ನೀನು ನಕ್ಕ ಮಾತೇ ನಮ್ಮವ್ವಗೆ ಉಳಿದಿರೋ ಆಸರೆ, ನೋಡು.”

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ನಾನು ಯಶವಂತನಗರದ ಹಿಂದೂ ಮನೆತನದ ಹುಡುಗ. ಬೈಬಲನ್ನು ಒಂದು ದಿನವೂ ತೆರೆದವನಲ್ಲ. ತಿಳಿಯದೆ ನಕ್ಕದ್ದಕ್ಕೆ ಪ್ರಾಯಶ್ಚಿತ್ತವಾಗಿ ಕೆಲವು ತಿಂಗಳು ಓದಿದೆ, ತಿಳಿದವರನ್ನು ಕೇಳಿದೆ. ತಿಳಿದುಕೊಂಡ ಅಲ್ಪಸ್ವಲ್ಪವನ್ನು ಸಹಪಾಠಿಗಳ ಮುಂದೆ ಇಡುತ್ತಿದ್ದೇನೆ.

ಮೊದಲು ಪದದ ವಿಚಾರ. ಈ ಪದದ ಕಥೆಗೂ ನಮ್ಮ ಸೀಮೆಗೂ ಹಳೆಯ ನಂಟಿದೆ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಎಂಬವರು 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡ ಕಲಿತು, ಬೈಬಲನ್ನು ಕನ್ನಡಿಸಲು ತೊಡಗಿದರು. ಅವರೊಡನೆ ದುಡಿದ ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಹೊರಬಂದಿತು. ಒಂದೊಂದು ಧಾರ್ಮಿಕ ಪದಕ್ಕೂ ನಮ್ಮ ಜನರ ಬಾಯಿಂದಲೇ ಸರಿಯಾದ ಮಾತನ್ನು ಹುಡುಕಬೇಕಾದ ಕಷ್ಟ ಇಂಥವರದು. ಇಂದು ಪ್ರೊಟೆಸ್ಟೆಂಟರ ಕನ್ನಡ ಬೈಬಲಿನಲ್ಲಿ ಹೆಚ್ಚಾಗಿ ಕಾಣುವ ಮಾತು ‘ನಂಬಿಕೆ’. ಕ್ಯಾಥೊಲಿಕರಲ್ಲಿ ‘ವಿಶ್ವಾಸ’ ಎಂಬ ಮಾತು ಹೆಚ್ಚು ಬಳಕೆಯಲ್ಲಿದೆ.

ಹೊಸ ಒಡಂಬಡಿಕೆಯ ಮೂಲಭಾಷೆಯಾದ ಗ್ರೀಕಿನಲ್ಲಿ ಈ ಪದ ‘ಪಿಸ್ತಿಸ್’. ಅದಕ್ಕೆ ನಂಬುವುದು ಎಂಬ ಅರ್ಥವೂ ಉಂಟು, ನಂಬಿಕೆಗೆ ತಕ್ಕಂತೆ ನಡೆಯುವ ನಿಷ್ಠೆ ಎಂಬ ಅರ್ಥವೂ ಉಂಟು. ಹಳೆಯ ಒಡಂಬಡಿಕೆಯ ಹೀಬ್ರೂ ಭಾಷೆಯಲ್ಲಿ ಇದಕ್ಕೆ ಸಮನಾದ ಧಾತುವಿನ ಅರ್ಥ ಸ್ಥಿರವಾಗಿರುವುದು, ಅಲುಗದಿರುವುದು. ಪ್ರಾರ್ಥನೆಯ ಕೊನೆಯಲ್ಲಿ ಬರುವ ‘ಆಮೆನ್’ ಅದೇ ಧಾತುವಿನಿಂದ ಹುಟ್ಟಿದುದು. ಕನ್ನಡವೂ ಇಲ್ಲಿ ಹಿಂದೆ ಬಿದ್ದಿಲ್ಲ. ‘ನಂಬು’ ಎಂಬ ಒಂದೇ ಬೇರಿನಿಂದ ‘ನಂಬಿಕೆ’ಯೂ ಬಂದಿದೆ, ‘ನಂಬಿಗಸ್ತ’ನೂ ಬಂದಿದ್ದಾನೆ. ನಂಬುವವನು ನಂಬಿಕೆಗೆ ಯೋಗ್ಯನೂ ಆಗಬೇಕೆಂಬ ಸೂಚನೆ ನಮ್ಮ ಮಾತಿನಲ್ಲಿಯೇ ಅಡಗಿದೆ.

ಹಾಗಾದರೆ ರಕ್ಷಣೆಯನ್ನು ಕೊಡುವ ನಂಬಿಕೆ ಯಾವುದು? ಪ್ರೊಟೆಸ್ಟೆಂಟ್ ಪಂಡಿತರು ಅದನ್ನು ಮೂರು ಅಂಗಗಳಾಗಿ ವಿಂಗಡಿಸಿದರು: ಅರಿವು, ಒಪ್ಪಿಗೆ, ಭರವಸೆ. ಇದನ್ನು ನಮ್ಮ ಕಡೆಯ ಒಂದು ದೃಷ್ಟಾಂತದಿಂದ ವಿವರಿಸುತ್ತೇನೆ. ಹಂಪಿಗೆ ಹೋದವರು ತಳವಾರಘಟ್ಟದಲ್ಲಿ ತುಂಗಭದ್ರೆಯ ದಡದಲ್ಲಿ ನಿಂತಿದ್ದಾರೆನ್ನೋಣ. ಆಚೆ ಆನೆಗೊಂದಿ. ಬಿದಿರಿನಿಂದ ಹೆಣೆದ ದುಂಡನೆಯ ತೆಪ್ಪ ಜನರನ್ನು ದಾಟಿಸುತ್ತದೆಂದು ತಿಳಿದಿರುವುದು ಅರಿವು. ಈ ತೆಪ್ಪ ನನ್ನನ್ನೂ ದಾಟಿಸಬಲ್ಲದು, ಈ ಅಂಬಿಗ ಬಲ್ಲವನು ಎಂದು ಮನಸ್ಸು ಒಪ್ಪುವುದು ಒಪ್ಪಿಗೆ. ಇವೆರಡೂ ಇದ್ದು ದಡದ ಮೇಲೆಯೇ ಸಂಜೆಯವರೆಗೆ ನಿಂತವನು ಆನೆಗೊಂದಿಯನ್ನು ಕಾಣಲಾರ. ಕಾಲೆತ್ತಿ ಒಳಗಿಟ್ಟು, ತನ್ನ ಭಾರವನ್ನೆಲ್ಲ ತೆಪ್ಪಕ್ಕೆ ಒಪ್ಪಿಸಿ ಕುಳಿತುಕೊಳ್ಳುವುದೇ ಭರವಸೆ. ಯಾಕೋಬನ ಪತ್ರದ ಎರಡನೆಯ ಅಧ್ಯಾಯವು ದೆವ್ವಗಳಿಗೂ ದೇವರು ಒಬ್ಬನೆಂಬುದು ಗೊತ್ತಿದೆ, ಗೊತ್ತಿದ್ದು ನಡುಗುತ್ತವೆ ಎಂದು ಹೇಳುವಾಗ ಇದೇ ಭೇದವನ್ನು ತೋರಿಸುತ್ತದೆ. ಬರಿಯ ಅರಿವು ದಡದಲ್ಲಿಯೇ ಉಳಿಯುತ್ತದೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ದಾಟಿಸುವುದು ತೆಪ್ಪ, ನಾವು ಕುಳಿತುಕೊಂಡ ಕ್ರಿಯೆಯಲ್ಲ. ಕುಳಿತದ್ದಕ್ಕಾಗಿ ನಾವು ಕೂಲಿ ಕೇಳುವಂತಿಲ್ಲ. ಹಾಗೆಯೇ ರಕ್ಷಿಸುವವನು ಕ್ರಿಸ್ತನು. ನಂಬಿಕೆಯು ಆ ಕೃಪೆಯನ್ನು ಸ್ವೀಕರಿಸುವ ಬರಿಗೈ ಎಂದು ಅವರು ವಿವರಿಸುತ್ತಾರೆ. ನಂಬಿಕೆಯೇ ಒಂದು ಪುಣ್ಯಕಾರ್ಯವೆಂದು ಲೆಕ್ಕಕ್ಕೆ ಹಿಡಿದರೆ ಈ ಮಾತು ಕೆಟ್ಟುಹೋಗುತ್ತದೆ. ನಮ್ಮ ಅಜ್ಜ ಸಂಡೂರಿನ ಕುಮಾರಸ್ವಾಮಿಗೆ ನಡೆದುಕೊಳ್ಳುವವರು. ಈ ವಿಷಯವನ್ನು ಅವರಿಗೆ ಹೇಳಿದಾಗ, “ಹರಕಿ ಹೊರೋದು ಬ್ಯಾರೆ, ನಂಬೋದು ಬ್ಯಾರೆ, ತಮ್ಮಾ. ಹರಕಿ ಅಂದ್ರ ಕೊಟ್ಟು ತಗಳೋ ವ್ಯವಹಾರ” ಎಂದರು. ನಾನು ತಿಂಗಳುಗಟ್ಟಲೆ ಓದಿದ್ದನ್ನು ಅವರು ಎಲೆ ಅಡಿಕೆ ಹಾಕಿಕೊಳ್ಳುತ್ತಾ ಮುಗಿಸಿಬಿಟ್ಟರು!

ಕೃಪೆ ದೊಡ್ಡದೋ ಯತ್ನ ದೊಡ್ಡದೋ ಎಂಬ ಚರ್ಚೆ ನಮಗೇನೂ ಹೊಸದಲ್ಲ. ಶ್ರೀವೈಷ್ಣವರಲ್ಲಿ ತಾಯಿಯನ್ನು ತಾನೇ ಅಪ್ಪಿಹಿಡಿಯುವ ಮಂಗನ ಮರಿಯ ನ್ಯಾಯ, ತಾಯಿಯೇ ಕಚ್ಚಿಕೊಂಡು ಹೋಗುವ ಬೆಕ್ಕಿನ ಮರಿಯ ನ್ಯಾಯ ಎಂದು ಎರಡು ಪಕ್ಷಗಳಿವೆ. ಎರಡು ಮತಗಳೂ ಒಂದೇ ಎಂದು ನಾನು ಹೇಳುತ್ತಿಲ್ಲ. ಪ್ರಶ್ನೆ ಒಂದೇ ಎಂದಷ್ಟೇ ಹೇಳುತ್ತೇನೆ.

ಇನ್ನು ನನ್ನ ಕುಚೋದ್ಯದ ಪ್ರಶ್ನೆಗೆ ಬರೋಣ: ನಂಬಿದ ಮೇಲೆ ಏನು ಮಾಡಿದರೂ ಆದೀತೇ? ಕ್ರಿಯೆಗಳಿಂದಲ್ಲ, ನಂಬಿಕೆಯಿಂದಲೇ ಮನುಷ್ಯನು ನೀತಿವಂತನೆನಿಸುತ್ತಾನೆ ಎಂಬುದು ರೋಮಾಪುರದವರಿಗೆ ಬರೆದ ಪತ್ರದಲ್ಲಿ ಪೌಲನ ವಾದ. ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಎಂಬುದು ಯಾಕೋಬನ ವಾದ. ಇಬ್ಬರೂ ಅಬ್ರಹಾಮನನ್ನೇ ಸಾಕ್ಷಿಗೆ ಕರೆಯುತ್ತಾರೆ. ಆದರೆ ಪೌಲನು ಮುಖ್ಯವಾಗಿ ಆದಿಕಾಂಡದ 15ನೆಯ ಅಧ್ಯಾಯವನ್ನು ಹಿಡಿಯುತ್ತಾನೆ: ಮಕ್ಕಳಿಲ್ಲದ ಅಬ್ರಹಾಮನು ದೇವರ ವಾಗ್ದಾನವನ್ನು ನಂಬಿದ ಗಳಿಗೆ ಅದು. ಯಾಕೋಬನು 22ನೆಯ ಅಧ್ಯಾಯಕ್ಕೆ ಹೋಗುತ್ತಾನೆ: ಮಗನನ್ನೇ ಅರ್ಪಿಸಲು ಸಿದ್ಧನಾದ ವರುಷಗಳಾಚೆಯ ಗಳಿಗೆ. ಒಬ್ಬನು ಬೇರನ್ನು ತೋರಿಸಿದರೆ ಇನ್ನೊಬ್ಬನು ಹಣ್ಣನ್ನು ತೋರಿಸುತ್ತಾನೆಂದು ನನಗೆ ತೋರಿತು. ಎಫೆಸದವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಂತೂ ರಕ್ಷಣೆ ಕ್ರಿಯೆಗಳ ಫಲವಲ್ಲ ಎಂಬ ಮಾತಿನ ಬೆನ್ನಿಗೇ, ಸತ್ಕ್ರಿಯೆಗಳಿಗಾಗಿಯೇ ನಾವು ನಿರ್ಮಿತರಾದೆವು ಎಂಬ ಭಾವ ಬರುತ್ತದೆ.

ಈ ಒಂದು ವಿಷಯದಲ್ಲಿ ಯುರೋಪಿನ ಕ್ರೈಸ್ತ ಸಮಾಜವೇ ಒಡೆದುಹೋಯಿತು. ಮಾರ್ಟಿನ್ ಲೂಥರನು 1522ರ ತನ್ನ ಜರ್ಮನ್ ಅನುವಾದದಲ್ಲಿ ಪೌಲನ ವಾಕ್ಯಕ್ಕೆ ‘ಮಾತ್ರ’ ಎಂಬರ್ಥದ ಪದವೊಂದನ್ನು ಸೇರಿಸಿ, ನಂಬಿಕೆಯಿಂದ ಮಾತ್ರ ಎಂದನು. ಕ್ಯಾಥೊಲಿಕರ ಟ್ರೆಂಟ್ ಸಭೆಯು 1547ರಲ್ಲಿ ಅದಕ್ಕೆ ಉತ್ತರವಾಗಿ, ವಿಶ್ವಾಸವೇ ಆರಂಭ, ಆದರೆ ಆಶೆಯೂ ಪ್ರೀತಿಯೂ ಅದರೊಡನೆ ಕೂಡಬೇಕೆಂದು ತೀರ್ಮಾನಿಸಿತು. ನಾಲ್ಕುನೂರೈವತ್ತು ವರ್ಷಗಳ ತರುವಾಯ, 1999ರ ಅಕ್ಟೋಬರ್ 31ರಂದು, ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ ಲೂಥರನ್ನರೂ ಕ್ಯಾಥೊಲಿಕರೂ ಒಂದು ಸಂಯುಕ್ತ ಘೋಷಣೆಗೆ ಸಹಿ ಹಾಕಿದರು. ನಮ್ಮ ಅರ್ಹತೆಯಿಂದಲ್ಲ, ಕೃಪೆಯಿಂದ ದೇವರು ನಮ್ಮನ್ನು ಸ್ವೀಕರಿಸುತ್ತಾನೆ. ಆ ಕೃಪೆಯೇ ಹೃದಯವನ್ನು ಹೊಸದು ಮಾಡಿ ಸತ್ಕಾರ್ಯಕ್ಕೆ ಹಚ್ಚುತ್ತದೆ ಎಂಬುದು ಅದರ ತಿರುಳು. ಎಲ್ಲ ಭೇದವೂ ಅಳಿಯಲಿಲ್ಲ. ಆದರೆ ಜಗಳದ ಗಂಟು ಸಡಿಲಿತು.

ಸುವಾರ್ತೆಯಲ್ಲಿ ಲೂಕನು ಹೇಳುವ ಇಬ್ಬರನ್ನು ಜೊತೆಗಿಟ್ಟು ನೋಡಿದರೆ ಎಲ್ಲವೂ ತಿಳಿಯಾಗುತ್ತದೆ. ಮೊದಲನೆಯವನು ಸುಂಕದವನಾದ ಜಕ್ಕಾಯ. ಯೇಸು ತನ್ನ ಮನೆಗೆ ಬಂದದ್ದೇ ತಡ, ಅರ್ಧ ಆಸ್ತಿಯನ್ನು ಬಡವರಿಗೆ ಕೊಡುವೆನೆಂದೂ, ಮೋಸದಿಂದ ಕಿತ್ತುಕೊಂಡದ್ದನ್ನು ನಾಲ್ಕರಷ್ಟು ಹಿಂತಿರುಗಿಸುವೆನೆಂದೂ ಹೇಳುತ್ತಾನೆ. ಅವನಿಗೆ ಬದುಕಿ ತೋರಿಸಲು ಕಾಲವಿದ್ದಿತು. ನಂಬಿಕೆ ಕೈಕಾಲುಗಳಿಗೆ ಇಳಿಯಿತು. ಎರಡನೆಯವನು ಯೇಸುವಿನ ಪಕ್ಕದ ಶಿಲುಬೆಯಲ್ಲಿ ತೂಗುತ್ತಿದ್ದ ಅಪರಾಧಿ. ಅವನ ಕೈಕಾಲುಗಳು ಕಟ್ಟಿಗೆಗೆ ಜಡಿದು ಹೋಗಿದ್ದವು. ಕೊಡಲು ಹಣವಿಲ್ಲ, ತಿದ್ದಿಕೊಳ್ಳಲು ನಾಳೆಯಿಲ್ಲ. ತನ್ನ ತಪ್ಪನ್ನು ಒಪ್ಪಿಕೊಂಡು, ತನ್ನನ್ನು ನೆನೆಯಬೇಕೆಂದು ಕೇಳಿದನಷ್ಟೆ. ಅವನನ್ನೂ ಯೇಸು ಕೈಬಿಡಲಿಲ್ಲ. ಕಾಲವಿದ್ದವನಲ್ಲಿ ನಂಬಿಕೆ ಕ್ರಿಯೆಯಾಯಿತು. ಕಾಲವಿಲ್ಲದವನಲ್ಲಿ ಒಂದು ಮೊರೆಯಾಯಿತು. ಇಬ್ಬರೂ ತೆಪ್ಪದಲ್ಲಿ ಕುಳಿತವರೇ.

ಆದ್ದರಿಂದ ‘ನಂಬಿದರೆ ಸಾಕು’ ಎಂಬುದು ಅಗ್ಗದ ಮಾತಲ್ಲವೆಂದು ಈಗ ಒಪ್ಪುತ್ತೇನೆ. ಹಾಸಿಗೆಯಲ್ಲಿ ಬಿದ್ದವನಿಗೆ ಅದು ಕರುಣೆ. ಎದ್ದು ತಿರುಗಾಡುವ ನನ್ನಂಥವನಿಗೆ ಹೊಣೆ. ಕಾಲವಿದ್ದೂ ಜಕ್ಕಾಯನಂತೆ ನಡೆಯದವನು ಶಿಲುಬೆಯ ಅಪರಾಧಿಯ ನೆಪ ಹೇಳಿ ತಪ್ಪಿಸಿಕೊಳ್ಳುವಂತಿಲ್ಲ.

ಈ ಲೇಖನವನ್ನು ಅಚ್ಚಿಗೆ ಕೊಡುವ ಮೊದಲು ಗೆಳೆಯನಿಗೆ ತೋರಿಸಿ ಕ್ಷಮೆ ಕೇಳಿದೆ. ಅವನು ಎರಡು ಸಲ ಓದಿ, ಹಾಳೆಗಳನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡ. “ಟ್ರೆಂಟು, ಲೂಥರು ಎಲ್ಲಾ ನಮ್ಮವ್ವಗೆ ಬ್ಯಾಡ. ತೆಪ್ಪದ ಮಾತಷ್ಟೇ ಓದಿ ಹೇಳ್ತೀನಿ” ಎಂದ. ನನಗೆ ಇನ್ನೊಂದು ಪ್ರತಿ ಬರೆದುಕೊಳ್ಳಬೇಕಾಯಿತು.