ನಕಲಿ ನೇಮಕಾತಿ ಪತ್ರ: ಗುರುತಿಸುವ ಬಗೆ ಮತ್ತು ಉದ್ಯಮಿಗಳ ಹೊಣೆ

ಉದ್ಯೋಗ ಅರಸುವ ಯುವಜನರನ್ನು ವಂಚಿಸುವ ಕಸುಬು ಹೊಸದೇನಲ್ಲ. ಹಿಂದೆ ಅದಕ್ಕೆ ಬಾಡಿಗೆಯ ಕೊಠಡಿ, ಮೇಜು, ಕುರ್ಚಿ, ನಾಮಫಲಕ ಬೇಕಾಗುತ್ತಿದ್ದವು. ಇಂದು ಒಂದು ಮೊಬೈಲ್ ಫೋನು ಮತ್ತು ಹೆಸರಾಂತ ಸಂಸ್ಥೆಯೊಂದರ ಲಾಂಛನದ ಚಿತ್ರ ಇದ್ದರೆ ಸಾಕು. ಆ ಲಾಂಛನ ನಮ್ಮ ಸದಸ್ಯ ಸಂಸ್ಥೆಯೊಂದರದೇ ಆಗಿರಬಹುದು. ಆದುದರಿಂದ ಇದು ಕೇವಲ ನಿರುದ್ಯೋಗಿಗಳಿಗೆ ಸಂಬಂಧಿಸಿದ ವಿಷಯವೆಂದು ನಾವು ಸುಮ್ಮನಿರುವಂತಿಲ್ಲ. ಸದಸ್ಯರು ಈ ಲೇಖನವನ್ನು ಓದುವುದರ ಜೊತೆಗೆ ತಮ್ಮ ನೌಕರರ ಮನೆಗಳಲ್ಲಿ ಕೆಲಸ ಹುಡುಕುತ್ತಿರುವ ಮಕ್ಕಳಿಗೂ ತಲುಪಿಸಬೇಕೆಂದು ಕೋರಿಕೆ.

ಕೆಲವು ವರ್ಷಗಳ ಹಿಂದೆ ಒಂದು ಸೋಮವಾರ ಬೆಳಿಗ್ಗೆ ಪೀಣ್ಯದ ನಮ್ಮ ಕಾರ್ಖಾನೆಯ ಗೇಟಿಗೆ ಹಾವೇರಿ ಜಿಲ್ಲೆಯ ಯುವಕನೊಬ್ಬ ತಂದೆಯೊಡನೆ ಬಂದು ನಿಂತಿದ್ದ. ಕೈಯಲ್ಲಿ ನಮ್ಮ ಸಂಸ್ಥೆಯ ಹೆಸರಿನ ನೇಮಕಾತಿ ಪತ್ರ. ವಿಳಾಸ ಸರಿಯಾಗಿತ್ತು, ಕಂಪನಿಯ ನೋಂದಣಿ ಸಂಖ್ಯೆಯೂ ಸರಿಯಾಗಿತ್ತು. ಸಹಿ ಮಾತ್ರ ನಮ್ಮಲ್ಲಿ ಎಂದೂ ಇಲ್ಲದ ಅಧಿಕಾರಿಯೊಬ್ಬರದು. ಅರ್ಜಿ, ದಾಖಲೆ ಪರಿಶೀಲನೆ ಮತ್ತು ಸಮವಸ್ತ್ರದ ಠೇವಣಿಯೆಂದು ಮೂರು ಕಂತುಗಳಲ್ಲಿ ಅವರು 14,500 ರೂಪಾಯಿ ಕಟ್ಟಿದ್ದರು. ಪತ್ರ ಬಂದ ಕೂಡಲೇ ಇಲ್ಲಿಗೆ ವಿಚಾರಿಸಬಾರದಿತ್ತೇ ಎಂದು ಕೇಳಿದೆ. "ಮೂರು ಸಲ ಫೋನ್ ಮಾಡಿದ್ವಿ ಸಾಹೇಬ್ರ, ಯಾರೂ ಎತ್ತಲಿಲ್ಲ. ನಾಕನೇ ಸಲ ಎತ್ತಿದವ್ರು ನಮಗ ಗೊತ್ತಿಲ್ಲ ಅಂದು ಇಟ್ಟುಬಿಟ್ರು" ಎಂದರು ತಂದೆ. ನನ್ನಲ್ಲಿ ಉತ್ತರವಿರಲಿಲ್ಲ.

ಹಣ ಹರಿಯುವ ದಿಕ್ಕು

ನಕಲಿ ಪತ್ರವನ್ನು ಗುರುತಿಸಲು ಹತ್ತಾರು ಲಕ್ಷಣಗಳನ್ನು ಹೇಳುವುದುಂಟು: ಕಾಗುಣಿತದ ತಪ್ಪು, ಅಸಹಜವಾಗಿ ಹೆಚ್ಚಿನ ಸಂಬಳ, ಸಂದರ್ಶನವಿಲ್ಲದೆ ಆಯ್ಕೆ, ಇಂದೇ ಉತ್ತರಿಸಿ ಎಂಬ ಒತ್ತಡ. ಇವೆಲ್ಲ ನಿಜವೇ. ಆದರೆ ಇತ್ತೀಚಿನ ವಂಚಕರ ಭಾಷೆ ತಪ್ಪಿಲ್ಲದ್ದು. ಸಂಬಳವನ್ನೂ ಅವರು ನಂಬುವಷ್ಟೇ ಬರೆಯುತ್ತಾರೆ. ವೇತನ ಮಾಲೀಕನಿಂದ ಕೆಲಸಗಾರನ ಕಡೆಗೆ ಹರಿಯತಕ್ಕದ್ದು. ಅದು ತಿರುಗಿ ಹರಿಯತೊಡಗಿದ ಕ್ಷಣದಲ್ಲಿ, ಕಾರಣ ಏನೇ ಇರಲಿ, ಅಭ್ಯರ್ಥಿ ನಿಲ್ಲಬೇಕು. ಲ್ಯಾಪ್‌ಟಾಪ್ ಠೇವಣಿ, ತರಬೇತಿ ಶುಲ್ಕ, ವೈದ್ಯಕೀಯ ತಪಾಸಣೆ, ಜಿಎಸ್‌ಟಿ, "ಮೊದಲ ಸಂಬಳದೊಡನೆ ಹಿಂತಿರುಗಿಸಲಾಗುವುದು" ಎಂಬ ಭರವಸೆ, ಇವೆಲ್ಲ ಒಂದೇ ಕೈಯ ಬೇರೆ ಬೇರೆ ಬೆರಳುಗಳು. ಇದಕ್ಕೆ ಹೊರತಾದವು ಎರಡು. ಸರ್ಕಾರಿ ಪರೀಕ್ಷೆಗಳ ಅರ್ಜಿ ಶುಲ್ಕವು ಅಧಿಸೂಚನೆಯಲ್ಲಿಯೇ ಮುದ್ರಿತವಾಗಿರುತ್ತದೆ. ವಿದೇಶಿ ಉದ್ಯೋಗದ ಪರವಾನಗಿ ಪಡೆದ ಏಜೆಂಟರ ಸೇವಾ ಶುಲ್ಕದ ವಿಷಯವನ್ನು ಮುಂದೆ ನೋಡೋಣ.

ಮೊದಲು ಕೇಳುವ ಮೊತ್ತ ಬೇಕೆಂದೇ ಸಣ್ಣದಾಗಿರುತ್ತದೆ. 500 ರೂಪಾಯಿಗಾಗಿ ಯಾರೂ ಜಗಳವಾಡುವುದಿಲ್ಲ. ಆದರೆ ಒಮ್ಮೆ ಕೊಟ್ಟವನು ಕೊಟ್ಟದ್ದು ವ್ಯರ್ಥವಾಗಬಾರದೆಂದು ಮತ್ತೆ ಕೊಡುತ್ತಾನೆ. 2022ರ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ತಮಿಳುನಾಡಿನ ಕನಿಷ್ಠ 28 ಮಂದಿ ನವದೆಹಲಿ ರೈಲು ನಿಲ್ದಾಣದಲ್ಲಿ ದಿನಕ್ಕೆ ಎಂಟು ಗಂಟೆಯಂತೆ ಸುಮಾರು ಒಂದು ತಿಂಗಳು ಬಂದು ಹೋಗುವ ರೈಲುಗಳನ್ನೂ ಅವುಗಳ ಬೋಗಿಗಳನ್ನೂ ಎಣಿಸಿದರು. ಟಿಕೆಟ್ ಪರೀಕ್ಷಕ, ಗುಮಾಸ್ತ ಮುಂತಾದ ಹುದ್ದೆಗಳಿಗೆ ಇದೇ ತರಬೇತಿಯೆಂದು ಅವರಿಗೆ ಹೇಳಲಾಗಿತ್ತು. ದೂರಿನ ಪ್ರಕಾರ ಅವರೆಲ್ಲರೂ ಸೇರಿ ಕಳೆದುಕೊಂಡದ್ದು 2.67 ಕೋಟಿ ರೂಪಾಯಿ. ಅವರನ್ನು ದಡ್ಡರೆಂದು ನಗುವುದು ಸುಲಭ. ಮನೆಯ ಹಣವನ್ನೆಲ್ಲ ಸುರಿದವನಿಗೆ ಸಂಶಯಪಡುವುದೇ ಎಲ್ಲಕ್ಕಿಂತ ದುಬಾರಿಯಾದ ಕೆಲಸ ಎಂಬುದನ್ನು ವಂಚಕರು ಬಲ್ಲರು.

ಪರಿಶೀಲಿಸಬೇಕಾದುದು ಯಾವುದನ್ನು?

ಇಲ್ಲಿ ವಿದ್ಯಾವಂತರೂ ಎಡವುತ್ತಾರೆ. ಪತ್ರದಲ್ಲಿರುವ 21 ಅಕ್ಷರ ಮತ್ತು ಅಂಕಿಗಳ ಕಂಪನಿ ಗುರುತಿನ ಸಂಖ್ಯೆಯನ್ನು ಕೇಂದ್ರದ ಕಂಪನಿ ವ್ಯವಹಾರಗಳ ಮಂತ್ರಾಲಯದ ಜಾಲತಾಣದಲ್ಲಿ ನೋಡುತ್ತಾರೆ. ಕಂಪನಿ ಇದೆ ಎಂದು ಕಂಡು ನೆಮ್ಮದಿಪಡುತ್ತಾರೆ. ಕಂಪನಿ ಇರುವುದು ನಿಜ, ಪತ್ರ ಅಲ್ಲಿಂದ ಬಂದುದು ಸುಳ್ಳು. ಆದುದರಿಂದ ಪರೀಕ್ಷಿಸಬೇಕಾದುದು ಕಂಪನಿಯನ್ನಲ್ಲ, ಕಳುಹಿಸಿದವರನ್ನು. ಪತ್ರದಲ್ಲಿ ಅಚ್ಚಾದ ಸಂಖ್ಯೆಗೆ ಕರೆ ಮಾಡಿದರೆ ವಂಚಕನೇ ಉತ್ತರಿಸುತ್ತಾನೆ. ಕಂಪನಿಯ ಅಧಿಕೃತ ಜಾಲತಾಣದಿಂದ ಸಂಖ್ಯೆ ಪಡೆದು ಕರೆ ಮಾಡಬೇಕು, ಇಲ್ಲವೇ ನೇರವಾಗಿ ಹೋಗಬೇಕು. ಇ-ಮೇಲ್ ವಿಳಾಸದಲ್ಲಿ ಕಂಪನಿಯ ಹೆಸರಿನ ಮುಂದೆ ಕೆರಿಯರ್ಸ್, ಹೆಚ್‌ಆರ್, ಇಂಡಿಯಾ ಮುಂತಾದ ಬಾಲ ಸೇರಿದ್ದರೆ, ಅಥವಾ ಯಾರು ಬೇಕಾದರೂ ತೆರೆಯಬಹುದಾದ ಉಚಿತ ಇ-ಮೇಲ್ ಆಗಿದ್ದರೆ ಎಚ್ಚರ ಅಗತ್ಯ. ಹಣ ಕಟ್ಟಲು ಕೊಟ್ಟ ಖಾತೆ ವ್ಯಕ್ತಿಯೊಬ್ಬರ ಹೆಸರಿನಲ್ಲಿದ್ದರೆ ಮುಂದಿನ ವಿಚಾರಣೆಯೇ ಬೇಡ.

ಮನೆಯಲ್ಲಿಯೇ ಕುಳಿತು ಮಾಡುವ ಅರೆಕಾಲಿಕ ಕೆಲಸದ ಹೆಸರಿನಲ್ಲಿ ನಡೆಯುವ ವಂಚನೆಯ ಕ್ರಮ ಬೇರೆ. ವಿಡಿಯೋ ಮೆಚ್ಚುವುದು, ಹೋಟೆಲುಗಳಿಗೆ ಅಂಕ ನೀಡುವುದು ಮುಂತಾದ ಕೆಲಸಕ್ಕೆ ಮೊದಲು ನೂರಿನ್ನೂರು ರೂಪಾಯಿ ನಿಜವಾಗಿಯೂ ಬರುತ್ತದೆ. ಆಮೇಲೆ ಹೆಚ್ಚಿನ ಲಾಭಕ್ಕಾಗಿ ಮುಂಗಡ ಕಟ್ಟಿಸಿಕೊಳ್ಳುತ್ತಾರೆ. ಇಂಥ ನೂರಕ್ಕೂ ಹೆಚ್ಚು ಜಾಲತಾಣಗಳನ್ನು ಕೇಂದ್ರ ಸರ್ಕಾರ 2023ರ ಡಿಸೆಂಬರಿನಲ್ಲಿ ನಿರ್ಬಂಧಿಸಿತು. ಇನ್ನೂ ಅಪಾಯಕರವಾದುದು ಹಣ ವರ್ಗಾವಣೆಯ "ಕೆಲಸ". ನಿಮ್ಮ ಖಾತೆಗೆ ಬರುವ ಹಣವನ್ನು ಕಮಿಷನ್ ಹಿಡಿದು ಮುಂದಕ್ಕೆ ಕಳುಹಿಸಿ ಎನ್ನುತ್ತಾರೆ. ಬಂದದ್ದು ಮತ್ತೊಬ್ಬ ವಂಚಿತನ ಹಣ. ಪೊಲೀಸರು ಮೊದಲು ಬರುವುದು ಖಾತೆಯ ಒಡೆಯನ ಮನೆಗೆ.

ವಿದೇಶದ ಕರೆ

1983ರ ವಲಸೆ ಕಾಯ್ದೆಯ ಪ್ರಕಾರ ವಿದೇಶಿ ಉದ್ಯೋಗಕ್ಕೆ ಜನರನ್ನು ನೇಮಿಸುವ ಏಜೆಂಟರು ಕೇಂದ್ರ ಸರ್ಕಾರದಲ್ಲಿ ನೋಂದಣಿ ಪಡೆದಿರಬೇಕು. ಅವರ ಪಟ್ಟಿ ವಿದೇಶಾಂಗ ಮಂತ್ರಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿದೆ. ನಿಯಮಗಳು ವಿಧಿಸಿರುವ ಸೇವಾ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಅದಕ್ಕೆ ರಸೀದಿ ಕೇಳಿ ಪಡೆಯಬೇಕು. ಹಳ್ಳಿಗೆ ಬರುವ ಉಪ ಏಜೆಂಟನ ಬಳಿ ಇಂಥ ನೋಂದಣಿ ಇರುವುದಿಲ್ಲ. ಪ್ರವಾಸಿ ವೀಸಾದಲ್ಲಿ ಹೋಗಿ, ಅಲ್ಲಿ ಕೆಲಸದ ವೀಸಾ ಮಾಡಿಸೋಣ ಎಂದವನ ಮಾತಿಗೆ ಕಿವಿಗೊಡಲೇಬಾರದು.

ಹೀಗೆ ಥಾಯ್ಲೆಂಡಿನ ಐಟಿ ಉದ್ಯೋಗವೆಂದು ನಂಬಿದ ಭಾರತೀಯರು ಗಡಿಯಾಚೆ ಮ್ಯಾನ್ಮಾರಿನ ಮ್ಯಾವಾಡಿ ಪ್ರದೇಶದ ವಂಚನಾ ಕೇಂದ್ರಗಳಲ್ಲಿ ಬಂಧಿಗಳಾದರು. ಬೇರೆಯವರನ್ನು ವಂಚಿಸುವುದೇ ಅಲ್ಲಿ ಅವರಿಂದ ಮಾಡಿಸಿದ ಕೆಲಸ. ವಿದೇಶಾಂಗ ಮಂತ್ರಾಲಯ 2022ರ ಸೆಪ್ಟೆಂಬರಿನಲ್ಲಿಯೇ ಎಚ್ಚರಿಕೆ ನೀಡಿತ್ತು. ಆದರೂ 2025ರ ಮಾರ್ಚ್ 10ರಂದು 283 ಮಂದಿಯನ್ನು ವಾಯುಪಡೆಯ ವಿಮಾನದಲ್ಲಿ ಕರೆತರಬೇಕಾಯಿತು. ನಮ್ಮ ಕಲಬುರಗಿ ಜಿಲ್ಲೆಯ ಯುವಕರು ಭದ್ರತಾ ಸಹಾಯಕರ ಕೆಲಸವೆಂದು ರಷ್ಯಾಕ್ಕೆ ಹೋಗಿ ಯುದ್ಧಭೂಮಿಗೆ ಸಿಲುಕಿ, 2024ರಲ್ಲಿ ಮರಳಿದುದು ಓದುಗರಿಗೆ ನೆನಪಿರಬಹುದು.

ನಮ್ಮ ಕಡೆಯ ಲೋಪ

ವಂಚಕನ ಮಾತು ನಂಬಿಕೆಗೆ ಅರ್ಹವೆನಿಸಲು ನಮ್ಮ ರೂಢಿಗಳೂ ಕಾರಣವಾಗಿವೆ ಎಂದು ಹೇಳಲೇಬೇಕಾಗಿದೆ. ಸಮವಸ್ತ್ರಕ್ಕೆ ಹಣ ಹಿಡಿಯುವ, ಮೂಲ ಅಂಕಪಟ್ಟಿಯನ್ನು ಇಟ್ಟುಕೊಳ್ಳುವ, ಕಾರ್ಮಿಕರಿಂದ ಕಮಿಷನ್ ಪಡೆಯುವ ಗುತ್ತಿಗೆದಾರರನ್ನು ಕಂಡೂ ಕಾಣದಂತಿರುವ ಸಂಸ್ಥೆಗಳು ನಮ್ಮ ನಡುವೆಯೇ ಇವೆ. ನಿಜವಾದ ಕೆಲಸಕ್ಕೇ ಹಣ ಕೊಟ್ಟು ಸೇರಿದ ಅಣ್ಣನನ್ನು ಕಂಡ ತಮ್ಮನಿಗೆ, ಹಣ ಕೇಳುವ ಪತ್ರ ಅನುಮಾನಾಸ್ಪದವಾಗಿ ಕಾಣುವುದಾದರೂ ಹೇಗೆ? ಅರ್ಜಿದಾರರಿಗೆ ತಿರಸ್ಕಾರದ ಎರಡು ಸಾಲನ್ನೂ ಬರೆಯದ ನಮ್ಮ ಅಭ್ಯಾಸವೂ ಹೀಗೆಯೇ. ಉತ್ತರಕ್ಕಾಗಿ ತಿಂಗಳುಗಟ್ಟಲೆ ಕಾದವನಿಗೆ ಯಾವ ಉತ್ತರ ಬಂದರೂ ಪ್ರಿಯವೇ.

ಯಾವ ಹಂತದಲ್ಲಿಯೂ ಹಣ ಪಡೆಯುವುದಿಲ್ಲವೆಂಬ ಒಂದು ವಾಕ್ಯವನ್ನು, ನೇಮಕಾತಿಗೆ ಬಳಸುವ ಇ-ಮೇಲ್ ವಿಳಾಸದೊಡನೆ, ಪ್ರತಿ ಜಾಹೀರಾತಿನಲ್ಲಿಯೂ ಗೇಟಿನ ಫಲಕದಲ್ಲಿಯೂ ಕನ್ನಡದಲ್ಲಿ ಬರೆಸಲು ಹೆಚ್ಚಿನ ವೆಚ್ಚವಿಲ್ಲ. ಪತ್ರ ಅಸಲಿಯೇ ಎಂದು ವಿಚಾರಿಸುವವರಿಗೆ ಉತ್ತರಿಸಲು ಒಬ್ಬರನ್ನು ಹೆಸರಿಸಿ, ಗೇಟಿನ ಕಾವಲುಗಾರನಿಗೂ ದೂರವಾಣಿ ಸಹಾಯಕರಿಗೂ ಅವರ ಸಂಖ್ಯೆ ತಿಳಿಸಬೇಕು. ತಮ್ಮ ಹೆಸರಿನ ನಕಲಿ ಪತ್ರ ಕಂಡ ಸಂಸ್ಥೆಯು ಮರ್ಯಾದೆಗೆ ಅಂಜಿ ಸುಮ್ಮನಿರದೆ ತಾನೇ ಪೊಲೀಸರಿಗೆ ದೂರು ನೀಡಬೇಕು.

ಹಣ ಕಳೆದುಕೊಂಡವರು ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು. ಹಣ ಇನ್ನೂ ಯಾವುದಾದರೂ ಬ್ಯಾಂಕ್ ಖಾತೆಯಲ್ಲಿದ್ದರೆ ಅದನ್ನು ತಡೆಹಿಡಿಯಲು ಸಾಧ್ಯ. ಇಲ್ಲಿ ಗಂಟೆಗಳ ಲೆಕ್ಕವೇ ಮುಖ್ಯ. ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಿ ಅಥವಾ ಜಿಲ್ಲೆಯ ಸೆನ್ ಪೊಲೀಸ್ ಠಾಣೆಯಲ್ಲಿಯೂ ದೂರು ಸಲ್ಲಿಸಬಹುದು. ಪತ್ರ, ಸಂದೇಶಗಳು, ಹಣ ಪಾವತಿಯ ವಿವರ ಯಾವುದನ್ನೂ ಅಳಿಸಬಾರದು. ಕಂಪ್ಯೂಟರ್ ಅಥವಾ ಫೋನಿನ ಮೂಲಕ ಬೇರೊಬ್ಬರಂತೆ ನಟಿಸಿ ವಂಚಿಸಿದವರಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಡಿ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ.

ಹಾವೇರಿಯ ಆ ಯುವಕನ ದೂರಿನೊಡನೆ ನಮ್ಮ ಸಂಸ್ಥೆಯ ದೂರನ್ನೂ ಅಂದೇ ಕೊಟ್ಟೆವು. ಹಣ ಮರಳಲಿಲ್ಲ. ಅವನ ತಂದೆ ಕರೆ ಮಾಡಿದ್ದ ಸಂಖ್ಯೆಯನ್ನು ಈಗ ಸಿಬ್ಬಂದಿ ವಿಭಾಗದ ಮೇಜಿಗೆ ಜೋಡಿಸಲಾಗಿದೆ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಯಾರಾದರೂ ಒಬ್ಬರು ಎತ್ತುತ್ತಾರೆ.