ಚಳಿಗಾಲದಲ್ಲಿ ಸ್ಕಾಟ್ಲೆಂಡ್ ದೇಶ

ಸ್ಕಾಟ್ಲೆಂಡ್ ದೇಶವನ್ನು ನೋಡಲಿಚ್ಛಿಸುವವರು ಬೇಸಗೆಯಲ್ಲಿಯೇ ಹೋಗತಕ್ಕದ್ದೆಂದು ಪ್ರವಾಸಗ್ರಂಥಗಳು ಸಾಮಾನ್ಯವಾಗಿ ಹೇಳುತ್ತವೆ. ಆದರೆ ನಮ್ಮ ಶಾಲೆಯಲ್ಲಿ ಓದಿದ ಹೆಣ್ಣುಮಕ್ಕಳಲ್ಲಿ ಕೆಲವರು ವ್ಯಾಸಂಗಕ್ಕಾಗಿಯೋ ಉದ್ಯೋಗಕ್ಕಾಗಿಯೋ ಆ ಕಡೆಯಲ್ಲಿ ನೆಲಸಿದ್ದಾರೆ. ಅವರಿಗೆ ಬಿಡುವು ದೊರೆಯುವುದು ಡಿಸೆಂಬರಿನಲ್ಲಿ. ಆದುದರಿಂದ ತಾಯಿತಂದೆಗಳು ಮಗಳನ್ನು ಕಾಣಲು ಹೋಗುವುದೂ ಆಗಲೇ. ಅಂಥವರಿಗೆ ಸಹಾಯವಾಗಲೆಂದೂ, ಹಿಂದೊಮ್ಮೆ ಭೂಗೋಳದ ತರಗತಿಯಲ್ಲಿ ಕಲಿತುದು ಹಳೆಯ ವಿದ್ಯಾರ್ಥಿನಿಯರ ನೆನಪಿಗೆ ಬರಲೆಂದೂ ಇದನ್ನು ಬರೆಯಲಾಗಿದೆ.

ಮೊದಲು ತಿಳಿಯಬೇಕಾದುದು ಹಗಲಿನ ಪ್ರಮಾಣ. ಬೆಂಗಳೂರು ಉತ್ತರ ಅಕ್ಷಾಂಶ 13ರಲ್ಲಿಯೂ ಎಡಿನ್‌ಬರೋ ನಗರವು 56ರಲ್ಲಿಯೂ ಇರುವುವು. ಡಿಸೆಂಬರ್ 21ರ ಸುಮಾರಿಗೆ ನಮ್ಮಲ್ಲಿ ಹಗಲು ಹನ್ನೊಂದು ಗಂಟೆಗೂ ಮೀರಿ ಇದ್ದರೆ, ಅಲ್ಲಿ ಕೇವಲ ಏಳು ಗಂಟೆ. ಬೆಳಗ್ಗೆ ಎಂಟೂಮುಕ್ಕಾಲರ ಹೊತ್ತಿಗೆ ಉದಯಿಸಿದ ಸೂರ್ಯನು ನಾಲ್ಕು ಹೊಡೆಯುವುದರೊಳಗೆ ಅಸ್ತಮಿಸುವನು. ನಡು ಮಧ್ಯಾಹ್ನದಲ್ಲಿಯೂ ಅವನು ದಿಗಂತದಿಂದ ಹತ್ತೂವರೆ ಅಂಶಗಳಿಗಿಂತ ಮೇಲೇರನು. ನಮ್ಮಲ್ಲಿ ಉದಯವಾದ ಮುಕ್ಕಾಲು ಗಂಟೆಗೆ ಅವನು ಎಷ್ಟು ಎತ್ತರದಲ್ಲಿರುವನೋ, ಅಲ್ಲಿ ಮಧ್ಯಾಹ್ನಕ್ಕೆ ಅಷ್ಟೇ! ಈ ಕಾರಣದಿಂದ ನೆರಳುಗಳು ದಿನವೆಲ್ಲಾ ಉದ್ದವಾಗಿರುವುವು. ಕಲ್ಲಿನ ಗೋಡೆಗಳ ಮೇಲೆ ಬಿಸಿಲು ಓರೆಯಾಗಿ ಬಿದ್ದು ಒಂದೊಂದು ಕೆತ್ತನೆಯೂ ಎದ್ದು ಕಾಣುವುದು. ಕೋಟೆಗಳನ್ನು ನೋಡುವುದಕ್ಕೆ ಇದಕ್ಕಿಂತ ಉತ್ತಮವಾದ ಬೆಳಕಿಲ್ಲವೆಂದು ನನ್ನ ಅಭಿಪ್ರಾಯ. ಆದರೆ ಒಂದು ದಿನಕ್ಕೆ ಒಂದೇ ಸ್ಥಳವೆಂದು ಇಟ್ಟುಕೊಳ್ಳಬೇಕು.

ಚಳಿಯ ವಿಷಯದಲ್ಲಿ ಜನರು ವೃಥಾ ಭಯಪಡುತ್ತಾರೆ. ಮಾಸ್ಕೋ ನಗರವೂ ಎಡಿನ್‌ಬರೋ ನಗರವೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿದ್ದರೂ, ಮಾಸ್ಕೋವಿನಲ್ಲಿ ತಿಂಗಳುಗಟ್ಟಲೆ ಹಿಮ ಕವಿದಿರುವುದು. ಎಡಿನ್‌ಬರೋವಿನಲ್ಲಿ ಬಿದ್ದ ಹಿಮವು ಬಹುಕಾಲ ನಿಲ್ಲುವುದೇ ಅಪರೂಪ. ಅಟ್ಲಾಂಟಿಕ್ ಸಾಗರದ ಮೇಲಿನಿಂದ ಬೀಸುವ ಪಶ್ಚಿಮದ ಗಾಳಿಯು ಸಮುದ್ರದ ಉಷ್ಣವನ್ನು ಹೊತ್ತು ತರುವುದೇ ಇದಕ್ಕೆ ಕಾರಣ. ಆ ಗಾಳಿಯೇ ಮಳೆಯನ್ನೂ ತರುವುದರಿಂದ, ಅಲ್ಲಿ ಉಣ್ಣೆಯ ಬಟ್ಟೆಗಿಂತಲೂ ನೀರು ಹೀರದ ಮೇಲಂಗಿಯೂ ಜಾರದ ಬೂಟುಗಳೂ ಹೆಚ್ಚು ಅವಶ್ಯಕ. ಕೊಡೆಯನ್ನು ಗಾಳಿಯು ತಿರುಗುಮುರುಗು ಮಾಡಿಬಿಡುವುದು.

ಎಡಿನ್‌ಬರೋ ಕೋಟೆಯು ಒಂದು ಪುರಾತನ ಅಗ್ನಿಪರ್ವತದ ಕಂಠದಲ್ಲಿ ಗಟ್ಟಿಯಾಗಿ ನಿಂತ ಬಂಡೆಯ ಮೇಲಿದೆ. ಹಿಮಯುಗದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಸರಿದ ನೀರ್ಗಲ್ಲಿನ ರಾಶಿಯು ಈ ಬಂಡೆಯನ್ನು ಸವೆಸಲಾರದೆ ಇಕ್ಕೆಲಗಳಲ್ಲಿ ಹರಿದುಹೋಯಿತು. ಬಂಡೆಯ ಹಿಂಭಾಗದ ಮೃದುವಾದ ಕಲ್ಲು ಮಾತ್ರ ಬಾಲದಂತೆ ಇಳಿಜಾರಾಗಿ ಉಳಿಯಿತು. ಕೋಟೆಯಿಂದ ಹೋಲಿರೂಡ್ ಅರಮನೆಯವರೆಗೆ ಇಳಿಯುವ ರಾಜಬೀದಿಯು ಈ ಬಾಲದ ಬೆನ್ನಿನ ಮೇಲೆಯೇ ಇದೆ. ಕೋಟೆಯ ತುದಿಯಲ್ಲಿರುವ ಸಂತ ಮಾರ್ಗರೇಟಳ ಚಿಕ್ಕ ಪ್ರಾರ್ಥನಾಮಂದಿರವು ಆ ನಗರದ ಕಟ್ಟಡಗಳಲ್ಲೆಲ್ಲಾ ಹಳೆಯದು. 1093ರಲ್ಲಿ ತೀರಿಕೊಂಡ ಆ ರಾಣಿಯ ನೆನಪಿಗಾಗಿ ಅವಳ ಮಗನಾದ ಮೊದಲನೆಯ ಡೇವಿಡ್ ದೊರೆಯು ಅದನ್ನು ಕಟ್ಟಿಸಿದನು. ಮುಂದೆ ಜನರು ಅದನ್ನು ಮರೆತು ಮದ್ದಿನ ಉಗ್ರಾಣವನ್ನಾಗಿ ಮಾಡಿಕೊಂಡಿದ್ದರು. 1845ರಲ್ಲಿಯೇ ಅದು ಇಂಥದೆಂದು ಮತ್ತೆ ಗೊತ್ತಾದುದು. ಅದೇ ಕೋಟೆಯ ಒಂದು ಇಕ್ಕಟ್ಟಾದ ಕೊಠಡಿಯಲ್ಲಿ ಮೇರಿ ರಾಣಿಯು 1566ರಲ್ಲಿ ಹೆತ್ತ ಮಗನು 1603ರಲ್ಲಿ ಇಂಗ್ಲೆಂಡಿಗೂ ಅರಸನಾದನು. ಭಾನುವಾರ ಮತ್ತು ಕ್ರಿಸ್ತಜಯಂತಿಯಂಥ ದಿನಗಳ ಹೊರತು ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಅಲ್ಲಿ ಫಿರಂಗಿಯನ್ನು ಹಾರಿಸುವರು. ಮಂಜು ಕವಿದು ಕಾಲಸೂಚಕ ಗೋಲವು ಕಾಣದಿದ್ದಾಗಲೂ ಬಂದರಿನ ಹಡಗುಗಳಿಗೆ ಸಮಯ ತಿಳಿಯಲೆಂದು 1861ರಲ್ಲಿ ಆರಂಭವಾದ ಪದ್ಧತಿ ಇದು. ತಿಳಿಯದೆ ಹತ್ತಿರ ನಿಂತವರು ಬೆಚ್ಚಿಬೀಳುವುದು ನಿಶ್ಚಯ.

ಕನ್ನಡಿಗರಿಗೆ ಇನ್ನೊಂದು ಸಂಗತಿಯುಂಟು. ಶ್ರೀರಂಗಪಟ್ಟಣದ ಸೆರೆಯಲ್ಲಿ 1784ರವರೆಗೂ ಇದ್ದು, 1799ರಲ್ಲಿ ಅದೇ ಕೋಟೆಗೆ ಲಗ್ಗೆಹತ್ತಿದ ಪಡೆಯ ಮುಂದಾಳಾಗಿದ್ದ ಡೇವಿಡ್ ಬೇರ್ಡ್ ಎಂಬವನು ಸ್ಕಾಟ್ಲೆಂಡಿನವನು. ಟಿಪ್ಪು ಸುಲ್ತಾನನ ಶವವನ್ನು ಅವನು ಕಂಡ ಪ್ರಸಂಗವನ್ನು ಡೇವಿಡ್ ವಿಲ್ಕಿ ಎಂಬ ಚಿತ್ರಕಾರನು ಬೇರ್ಡನ ವಿಧವೆಯ ಅಪೇಕ್ಷೆಯಂತೆ ಬರೆದು 1839ರಲ್ಲಿ ಮುಗಿಸಿದನು. ಆ ದೊಡ್ಡ ಪಟವು ಸ್ಕಾಟ್ಲೆಂಡಿನ ರಾಷ್ಟ್ರೀಯ ಚಿತ್ರಶಾಲೆಗಳ ಸ್ವತ್ತಾಗಿದೆ. ಗೆದ್ದವರ ಕಡೆಯವರು ಬರೆಯಿಸಿದ ಚಿತ್ರವೆಂಬುದನ್ನು ಮರೆಯದೆ ಅದನ್ನು ನೋಡಬೇಕು.

ಆದರೆ ನಮ್ಮ ಹೆಣ್ಣುಮಕ್ಕಳು ತಪ್ಪದೆ ನಿಂತು ನೋಡಬೇಕಾದುದು ಕೋಟೆಯನ್ನಲ್ಲ. ನಿಕೋಲ್ಸನ್ ಬೀದಿಯಲ್ಲಿ ಎತ್ತರವಾದ ಕಂಬಗಳಿರುವ ಶಸ್ತ್ರವೈದ್ಯರ ಭವನವನ್ನು. ಸೋಫಿಯಾ ಜೆಕ್ಸ್-ಬ್ಲೇಕ್ ಮುಂತಾದ ಏಳು ಮಂದಿ ಸ್ತ್ರೀಯರು 1869ರಿಂದ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರವನ್ನು ಓದತೊಡಗಿದ್ದರು. 1870ನೆಯ ನವೆಂಬರ್ 18ರಂದು ಅಂಗರಚನಾಶಾಸ್ತ್ರದ ಪರೀಕ್ಷೆಗೆಂದು ಅವರು ಈ ಭವನಕ್ಕೆ ಬಂದಾಗ, ನೂರಾರು ಮಂದಿಯ ಗುಂಪು ಬೀದಿಗೆ ಅಡ್ಡಗಟ್ಟಿ, ಕೆಸರನ್ನೆರಚಿ, ಬಾಗಿಲನ್ನು ಅವರ ಮುಖದೆದುರಿಗೇ ಮುಚ್ಚಿತು. ಒಳಗಿನಿಂದ ಮರುಕಗೊಂಡು ಬಾಗಿಲು ತೆರೆದವರಿದ್ದುದರಿಂದ ಅವರು ಹೇಗೋ ಒಳಹೊಕ್ಕು, ಕೆಸರಾದ ಉಡುಪಿನಲ್ಲಿಯೇ ಕುಳಿತು ಉತ್ತರ ಬರೆದರು. ನಡುವೆ ಯಾರೋ ಒಂದು ಕುರಿಯನ್ನು ಪರೀಕ್ಷೆಯ ಕೊಠಡಿಯೊಳಕ್ಕೆ ನೂಕಿದರಂತೆ. ಆ ಏಳ್ವರಲ್ಲಿ ಒಬ್ಬಳಾದ ಈಡಿತ್ ಪೀಚಿಯು ಅದೇ ವರ್ಷ ರಸಾಯನಶಾಸ್ತ್ರದಲ್ಲಿ, ಮೊದಲ ಸಲ ಪರೀಕ್ಷೆಗೆ ಕುಳಿತವರಲ್ಲೆಲ್ಲಾ ಮೇಲಾಗಿ ತೇರ್ಗಡೆಯಾದರೂ, ಹೆಂಗಸೆಂಬ ಒಂದೇ ಕಾರಣದಿಂದ ವಿದ್ಯಾರ್ಥಿವೇತನವು ಅವಳ ಕೈತಪ್ಪಿ, ಅವಳಿಗಿಂತ ಕೆಳಗಿದ್ದ ಪುರುಷರ ಪಾಲಾಯಿತು. 1873ರಲ್ಲಿ ನ್ಯಾಯಾಲಯವು ಪದವಿ ನಿರಾಕರಿಸುವ ಹಕ್ಕು ವಿಶ್ವವಿದ್ಯಾಲಯಕ್ಕಿದೆಯೆಂದು ತೀರ್ಪಿತ್ತಿತು. ಪೀಚಿಯು ಸ್ವಿಟ್ಜರ್ಲೆಂಡಿಗೆ ಹೋಗಿ 1877ರಲ್ಲಿ ಬರ್ನ್ ನಗರದಲ್ಲಿ ಪದವಿ ಪಡೆದಳು. ಅವಳೇ 1883ರ ಡಿಸೆಂಬರಿನಲ್ಲಿ ಬೊಂಬಾಯಿಗೆ ಬಂದು, ಸ್ತ್ರೀಯರಿಗಾಗಿ ಸ್ಥಾಪಿತವಾದ ಕಾಮಾ ಆಸ್ಪತ್ರೆಯ ಹಿರಿಯ ವೈದ್ಯಳಾಗಿ ದುಡಿದು, ಬಾಲ್ಯವಿವಾಹವನ್ನು ವಿರೋಧಿಸಿ ಉಪನ್ಯಾಸ ಮಾಡಿದವಳು. ಎಡಿನ್‌ಬರೋ ವಿಶ್ವವಿದ್ಯಾಲಯವು ಆ ಏಳು ಮಂದಿಗೆ ಗೌರವಾರ್ಥವಾಗಿ ಪದವಿಗಳನ್ನು ಕೊಟ್ಟುದು 2019ರಲ್ಲಿ. ಪಡೆಯುವುದಕ್ಕೆ ಅವರಲ್ಲಿ ಯಾರೂ ಇರಲಿಲ್ಲ.

ಪಶ್ಚಿಮಕ್ಕೆ ರೈಲಿನಲ್ಲಿ ಅರ್ಧ ಗಂಟೆಯೊಳಗೆ ಲಿನ್‌ಲಿತ್‌ಗೋ ಎಂಬ ಊರು ಸಿಕ್ಕುವುದು. 1746ರಲ್ಲಿ ಬೆಂಕಿ ಬಿದ್ದಂದಿನಿಂದ ಛಾವಣಿಯಿಲ್ಲದ ಅಲ್ಲಿನ ಅರಮನೆಯಲ್ಲಿ 1542ನೆಯ ಡಿಸೆಂಬರ್ 8ರಂದು ಮೇರಿ ಹುಟ್ಟಿದಳು. ಆರೇ ದಿನಗಳಲ್ಲಿ ತಂದೆ ಸತ್ತುದರಿಂದ ತೊಟ್ಟಿಲಿನಲ್ಲಿಯೇ ರಾಣಿಯಾದಳು. ಮುಂದೆ ಸ್ಟರ್ಲಿಂಗ್. ಅಲ್ಲಿನ ಕೋಟೆಯ ಸಭಾಮಂದಿರಕ್ಕೆ ಹಳೆಯ ರೀತಿಯಲ್ಲಿಯೇ ಹೊನ್ನಬಣ್ಣದ ಸುಣ್ಣ ಬಳಿದಿರುವುದರಿಂದ, ಮೋಡದ ದಿನಗಳಲ್ಲಿಯೂ ಅದು ಬಹುದೂರದಿಂದ ಕಾಣುವುದು. ಎದುರು ಗುಡ್ಡದ ವಾಲೇಸ್ ಸ್ಮಾರಕಕ್ಕೆ 246 ಮೆಟ್ಟಿಲುಗಳು; ಮೊಣಕಾಲು ನೋವಿರುವವರು ಕೆಳಗಿನಿಂದಲೇ ನೋಡಿ ಬರಬಹುದು.

ಉತ್ತರಕ್ಕೆ ಹೋಗುವ ರೈಲು ಫೋರ್ತ್ ಸೇತುವೆಯನ್ನು ದಾಟುವುದು. 1879ನೆಯ ಡಿಸೆಂಬರ್ 28ರ ರಾತ್ರಿ ಬಿರುಗಾಳಿಗೆ ಟೇ ನದಿಯ ಸೇತುವೆ ಮುರಿದು, ಅದರ ಮೇಲಿದ್ದ ರೈಲು ನೀರಿಗುರುಳಿತು, ಒಬ್ಬರೂ ಉಳಿಯಲಿಲ್ಲ. ಅದನ್ನು ಕಟ್ಟಿದ ಶಿಲ್ಪಿಯು ಗಾಳಿಯ ಒತ್ತಡವನ್ನು ಸರಿಯಾಗಿ ಲೆಕ್ಕಹಾಕಿರಲಿಲ್ಲ. ಫೋರ್ತ್ ನದಿಗೂ ಅವನೇ ಸಿದ್ಧಪಡಿಸಿದ್ದ ನಕ್ಷೆಯನ್ನು ಕೈಬಿಟ್ಟು, 1890ರಲ್ಲಿ ಬೇರೆಯವರು ಮುಗಿಸಿದ ಸೇತುವೆ ಇದು. ಇಷ್ಟು ಉಕ್ಕು ಏಕೆಂದು ಕೇಳುವವರಿಗೆ ಆ ಡಿಸೆಂಬರಿನ ರಾತ್ರಿಯೇ ಉತ್ತರ.

ಹಬ್ಬದ ವಿಷಯವಾಗಿ ಒಂದು ಮಾತು. ಸ್ಕಾಟ್ಲೆಂಡಿನಲ್ಲಿ ಕ್ರಿಸ್ತಜಯಂತಿಯು ಸಾರ್ವಜನಿಕ ರಜೆಯಾದುದು 1958ರಲ್ಲಿ. ಅಲ್ಲಿಯ ಜನರ ದೊಡ್ಡ ಸಂಭ್ರಮವು ವರ್ಷದ ಕೊನೆಯ ರಾತ್ರಿಯದು. ನಡುರಾತ್ರಿ ಕಳೆದ ಮೇಲೆ ಕಪ್ಪು ಕೂದಲಿನ ಗಂಡಸು ಕಲ್ಲಿದ್ದಲಿನ ತುಂಡನ್ನು ಹಿಡಿದು ಮೊದಲು ಹೊಸ್ತಿಲು ದಾಟಿದರೆ ಶುಭವೆಂದೂ, ಹೆಂಗಸು ದಾಟಿದರೆ ಅಶುಭವೆಂದೂ ಹಿಂದಿನವರು ನಂಬಿದ್ದರು. ಶಕುನ ನೋಡುವುದರಲ್ಲಿ ನಮ್ಮ ಅಜ್ಜಿಯರು ಒಂಟಿಯಲ್ಲವೆಂದು ಇದರಿಂದ ತಿಳಿಯುವುದು.

ಹಳ್ಳಿಗಾಡಿನ ಕೋಟೆಗಳಲ್ಲಿ ಹಲವನ್ನು ಚಳಿಗಾಲದಲ್ಲಿ ಮುಚ್ಚಿರುವರಾದ್ದರಿಂದ ಮೊದಲೇ ವಿಚಾರಿಸಿಕೊಂಡು ಹೊರಡಬೇಕು. ಲೀವನ್ ಸರೋವರದ ದ್ವೀಪದಲ್ಲಿ, ಮೇರಿ ರಾಣಿಯನ್ನು 1567ರಿಂದ ಸೆರೆಯಲ್ಲಿಟ್ಟಿದ್ದ ಗೋಪುರವಿದೆ. ಮರುವರ್ಷದ ಮೇ ತಿಂಗಳಲ್ಲಿ ಅವಳು ದಾಸಿಯ ವೇಷದಲ್ಲಿ ದೋಣಿಯೇರಿ ತಪ್ಪಿಸಿಕೊಂಡಳು. ಚಳಿಗಾಲದಲ್ಲಿ ಅಲ್ಲಿಗೆ ದೋಣಿ ಹೋಗದು. ಆದರೂ ದಡಕ್ಕೆ ಹೋದವರಿಗೆ ನಷ್ಟವಿಲ್ಲ. ಐಸ್‌ಲೆಂಡ್ ದೇಶದಿಂದ ಚಳಿ ಕಳೆಯಲು ಬಂದ ಗುಲಾಬಿ ಕಾಲಿನ ಕಾಡುಬಾತುಗಳು ಹಗಲೆಲ್ಲಾ ಹೊಲಗಳಲ್ಲಿ ಮೇದು, ಮೂರೂವರೆಯ ಸುಮಾರಿಗೆ ಬೆಳಕು ಕುಗ್ಗುತ್ತಲೇ ಸಾಲುಸಾಲಾಗಿ ಕೂಗುತ್ತಾ ನೀರಿಗೆ ಇಳಿಯುವುವು. ಕತ್ತಲಾದ ಮೇಲೆಯೂ ಅವುಗಳ ಕೂಗು ಕೇಳುತ್ತಲೇ ಇರುವುದು.