ಬರೆದಿಟ್ಟ ಉತ್ತರ

ದಸರೆಯ ರಜೆಗೆ ಕಲಬುರಗಿಗೆ ಹೊರಟ ನಮಗೆ ಮೊಬೈಲಿನ ಪರದೆಯಲ್ಲಿ ರೈಲಿನ ನಾಲ್ಕು ಸೀಟುಗಳು ಖಾಲಿ ಕಂಡುವು. ಹಣ ಕಟ್ಟಲು ಹೋದರೆ ಒಂದೂ ಇಲ್ಲ! ಇದರ ಕಾರಣವನ್ನು ವಿಚಾರಿಸೋಣ.

ಸೀಟುಗಳ ಲೆಕ್ಕವು ರೈಲ್ವೆಯ ಡೇಟಾಬೇಸ್ ಎಂಬ ಮಾಹಿತಿಕೋಶದಲ್ಲಿರುವುದು. ದೆಹಲಿ, ಮುಂಬಯಿ, ಕಲ್ಕತ್ತೆ, ಮದರಾಸುಗಳಂತೆ ನಮ್ಮ ಸಿಕಂದರಾಬಾದಿನಲ್ಲಿಯೂ ಇಂತಹ ಕೇಂದ್ರವಿದ್ದು, 1999ರಲ್ಲಿ ಈ ಐದನ್ನೂ ಒಂದಕ್ಕೊಂದು ಜೋಡಿಸಲಾಯಿತು.

ಒಂದೇ ರೈಲಿನ ವಿಷಯವನ್ನು ಸಾವಿರ ಮಂದಿ ಕೇಳಿದರೆ, ಸಾವಿರ ಸಲವೂ ಕೋಶವನ್ನು ಶೋಧಿಸುವುದು ವ್ಯರ್ಥಶ್ರಮವಲ್ಲವೇ? ಆದುದರಿಂದ ಜಾಲತಾಣದ ಗಣಕವು ಮೊದಲ ಉತ್ತರವನ್ನು ತನ್ನ ಶೀಘ್ರಸ್ಮೃತಿಯಲ್ಲಿ ಬರೆದಿಟ್ಟುಕೊಂಡು, ಮುಂದಿನವರಿಗೆ ಅದನ್ನೇ ಹೇಳುವುದು. ಇದಕ್ಕೆ ಕ್ಯಾಶ್ ಎಂದು ಹೆಸರು. ಇದು ಹಣವೆಂಬರ್ಥದ ಕ್ಯಾಶ್ ಅಲ್ಲ. ಬಚ್ಚಿಡುವುದೆಂಬ ಅರ್ಥದ ಫ್ರೆಂಚ್ ಶಬ್ದದಿಂದ ಬಂದುದು.

ಬರೆದಿಟ್ಟ ಉತ್ತರವು ಹಳಸುವುದೆಂಬುದೇ ಇದರ ತೊಡಕು. ಅದಕ್ಕಾಗಿ ಪ್ರತಿ ಉತ್ತರಕ್ಕೂ ಆಯುಷ್ಯವನ್ನು ಗೊತ್ತುಮಾಡಿ, ಅವಧಿ ತೀರಿದೊಡನೆ ಮೂಲಕೋಶವನ್ನು ಮರಳಿ ಕೇಳುವರು. ಸೀಟು ಮಾರಾಟವಾದ ಕ್ಷಣವೇ ಹಳೆಯದನ್ನು ಅಳಿಸುವ ಕ್ರಮವು ಇನ್ನೂ ಲೇಸು, ಆದರೆ ಕಠಿನ. ನಿಲ್ದಾಣಗಳ ಹೆಸರನ್ನು ದಿನಗಟ್ಟಲೆ ಇಟ್ಟರೂ ಕೆಡದು; ಖಾಲಿ ಸೀಟುಗಳ ಎಣಿಕೆಯು ನಿಮಿಷದಲ್ಲಿ ಕೆಡುವುದು. ಟಿಕೇಟು ಕೊಡುವಾಗಲಂತೂ ಮೂಲಕೋಶವನ್ನೇ ಕೇಳತಕ್ಕದ್ದು.

ನಾವು ಕಂಡ ಆ ನಾಲ್ಕು ಸೀಟುಗಳ ಕೆಳಗೆ, 'ಎರಡು ಗಂಟೆಯ ಹಿಂದಿನದು' ಎಂದು ಸಣ್ಣಕ್ಷರದಲ್ಲಿ ಬರೆದಿತ್ತು. ನಾವೇ ಓದಿರಲಿಲ್ಲ.